ಪದ ಪರಿಚಯ: ವರಪ್ರಸಾದ, ಕೃಪೆ

ದುರ್ಗಿಗುಡಿಯ ಡಿಟಿಪಿ ಅಂಗಡಿಯಲ್ಲಿ ಕೂತು ಮದುವೆ ಕಾರ್ಡು, ಗೃಹಪ್ರವೇಶದ ಕರೆಯೋಲೆ, ಸೊಸೈಟಿಗಳ ವಾರ್ಷಿಕ ವರದಿ ಟೈಪು ಮಾಡುವುದು ನನ್ನ ಕೆಲಸ. ಹೋದ ಮಳೆಗಾಲದಲ್ಲಿ ಒಂದು ಮದುವೆಯ ಪ್ರಾರ್ಥನಾ ಪುಸ್ತಿಕೆ ಬಂತು, 16 ಪುಟದ್ದು. ಹುಡುಗಿ ಮನೆಯವರು ಸಾಗರದ ಕಡೆಯ ಕೊಂಕಣಿ ಕ್ಯಾಥೊಲಿಕರು, ಹುಡುಗ ಶಿವಮೊಗ್ಗದ ಸಿಎಸ್‌ಐ ಸಭೆಯವನು, ಅಂದರೆ ಪ್ರೊಟೆಸ್ಟೆಂಟ್. ಎರಡು ಮನೆಯಿಂದ ಎರಡು ಕೈಬರಹ. ಒಂದರ ತುಂಬ ‘ವರಪ್ರಸಾದ’, ಇನ್ನೊಂದರ ತುಂಬ ‘ಕೃಪೆ’. ಒಂದೇ ಪುಸ್ತಿಕೆಯಲ್ಲಿ ಎರಡು ಬಗೆ ಯಾಕೆ ಎಂದುಕೊಂಡು, ಯಾರನ್ನೂ ಕೇಳದೆ ಫೈಂಡ್-ರಿಪ್ಲೇಸ್ ಒತ್ತಿ ಎಲ್ಲವನ್ನೂ ‘ಕೃಪೆ’ ಮಾಡಿಬಿಟ್ಟೆ. ಜಪಸರದ ಪ್ರಾರ್ಥನೆ ‘ನಮೋ ಮರಿಯಾ, ಕೃಪೆಪೂರ್ಣೆ’ ಎಂದಾಗಿಹೋಯಿತು.

ಕರಡು ನೋಡಲು ಬಂದಿದ್ದ ಹುಡುಗಿಯ ಅಜ್ಜಿ ಆ ಸಾಲಿನ ಮೇಲೆ ಬೆರಳಿಟ್ಟರು. “ಮಗಾ, ಜಪಸರ ಹಿಡಿದ್ರೆ ಐವತ್ಮೂರು ಸಲ ಹೇಳೋ ಮಾತಿದು. ಇದ್ಯಾವುದು ಕೃಪೆಪೂರ್ಣೆ?”

ಪಕ್ಕದಲ್ಲಿದ್ದ ಹುಡುಗನ ಸೋದರಮಾವ ಸಮಾಧಾನ ಮಾಡಲು ಹೋದರು. “ಬಿಡಿ ಅಮ್ಮಾ, ಎರಡೂ ಒಂದೇ ಅಲ್ವಾ?”

“ಒಂದೇ ಆಗಿದ್ರೆ ನಿಮ್ಮೋರು ಬೇರೆ ಯಾಕೆ ಹೋದ್ರು?”

ಅಜ್ಜಿ ನಗುತ್ತಲೇ ಕೇಳಿದ್ದು. ಆದರೆ ಈ ಪ್ರಶ್ನೆಯ ಹಿಂದೆ ಸಾವಿರದೈನೂರು ವರ್ಷದ ಜಗಳವಿದೆ.

ಎರಡೂ ಅನುವಾದಿಸುವುದು ಒಂದೇ ಪದವನ್ನು: ಹೊಸ ಒಡಂಬಡಿಕೆಯ ಗ್ರೀಕಿನ ‘ಖಾರಿಸ್’. ಲ್ಯಾಟಿನ್ನಿನಲ್ಲಿ ಅದು ‘ಗ್ರಾತಿಯಾ’ ಆಯಿತು. ಮನುಷ್ಯನ ಯೋಗ್ಯತೆ ನೋಡದೆ ದೇವರು ಅವನಿಗೆ ಒಲಿಯುವುದು, ಮತ್ತು ಹಾಗೆ ಒಲಿದು ಕೊಡುವುದು, ಎರಡೂ ಅರ್ಥ ಅದಕ್ಕುಂಟು. ಜಗಳವೆಲ್ಲ ಈ ‘ಮತ್ತು’ವಿನ ಸುತ್ತಲೇ ನಡೆದದ್ದು. ಕೃಪೆ ಎಂದರೆ ದೇವರ ಒಲವೋ, ದೇವರು ನಮ್ಮೊಳಗೆ ಇಟ್ಟ ಕೊಡುಗೆಯೋ?

ನಮ್ಮ ‘ಪ್ರಸಾದ’ ಪದಕ್ಕೂ ಇದೇ ಎರಡು ಮುಖ ಇರುವುದು ನನಗೆ ಸೋಜಿಗದ ವಿಷಯ. ಪ್ರಸನ್ನ, ಪ್ರಸಾದ ಒಂದೇ ಧಾತುವಿನಿಂದ ಹುಟ್ಟಿದವು. ಕದಡಿದ ನೀರು ತಿಳಿಯಾಗುವುದು ಪ್ರಸಾದ. ಗೀತೆಯಲ್ಲಿ ‘ಮನಃಪ್ರಸಾದ’ ಎಂದರೆ ಮನಸ್ಸು ತಿಳಿಯಾಗಿರುವುದು. ಅಲ್ಲಿಂದ ದೇವರ ಪ್ರಸನ್ನತೆಗೆ ಆ ಹೆಸರು ಬಂತು, ಅಲ್ಲಿಂದ ಬಾಳೆಲೆ ಚೂರಿನಲ್ಲಿ ಕೈಗೆ ಬೀಳುವ ಪಂಚಕಜ್ಜಾಯಕ್ಕೆ. ಈಗ ಪ್ರಸಾದ ಎಂದರೆ ನಮಗೆ ತಿನ್ನುವ ವಸ್ತುವೇ ಮೊದಲು ನೆನಪಾಗುವುದು. ಒಲವಿನ ಹೆಸರು ಒಲಿದು ಕೊಟ್ಟ ಪದಾರ್ಥಕ್ಕೆ ಅಂಟಿಕೊಂಡಿತು. ‘ಗ್ರಾತಿಯಾ’ ನಡೆದದ್ದೂ ಹೆಚ್ಚುಕಡಿಮೆ ಇದೇ ದಾರಿ.

‘ಕೃಪೆ’ಯ ಬೇರು ಬೇರೆ, ಅದು ಮರುಗುವುದಕ್ಕೆ ಸೇರಿದ್ದು, ‘ಕೃಪಣ’ ಅದರ ದಾಯಾದಿ. ಕೃಪೆಯನ್ನು ಎಲೆಯಲ್ಲಿ ಹಾಕಿ ಕೊಡಲು ಬರುವುದಿಲ್ಲ. ನಮ್ಮ ಕಡೆ ಯಕ್ಷಗಾನ ಮೇಳದ ಬ್ಯಾನರಿನ ಮೇಲೆ ‘ಕೃಪಾಪೋಷಿತ’ ಎಂದಿರುತ್ತದಲ್ಲ, ಅಲ್ಲೂ ಅಷ್ಟೇ: ಮೇಲೆ ಒಬ್ಬರ ಕಣ್ಣಿದೆ, ಅದರ ನೆರಳಿನಲ್ಲಿ ನಾವಿದ್ದೇವೆ.

ಇನ್ನು ಜಗಳಕ್ಕೆ ಬರೋಣ. ಐದನೇ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಎಂಬ ಸನ್ಯಾಸಿ, ಮನಸ್ಸು ಮಾಡಿದರೆ ಮನುಷ್ಯ ಪಾಪ ಬಿಟ್ಟು ಬದುಕಬಲ್ಲ ಎಂದು ಬೋಧಿಸುತ್ತಿದ್ದ. ಉತ್ತರ ಆಫ್ರಿಕದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ (354–430) ಅವನ ಬೆನ್ನುಬಿದ್ದ. ಹಾಗೆ ಮನಸ್ಸು ಮಾಡುವುದಕ್ಕೂ ದೇವರೇ ಬೇಕು ಎಂಬುದು ಅಗಸ್ಟೀನನ ವಾದ. ಲ್ಯಾಟಿನ್ನಿನಲ್ಲಿ ‘ಗ್ರಾತಿಯಾ’ಕ್ಕೂ ‘ಗ್ರಾತಿಸ್’ ಎಂಬುದಕ್ಕೂ ನಂಟು. ಗ್ರಾತಿಸ್ ಎಂದರೆ ನಮ್ಮ ‘ಪುಕ್ಕಟೆ’. ಪುಕ್ಕಟೆ ಅಲ್ಲದ್ದು ಕೃಪೆಯೇ ಅಲ್ಲ ಎಂದು ಆತ ಪದದ ಬಾಯಿಂದಲೇ ವಾದ ಮಾಡಿಸಿದ. 418ರ ಕಾರ್ಥೇಜ್ ಸಭೆ ಪೆಲಾಜಿಯಸ್‌ನ ಬೋಧನೆಯನ್ನು ತಳ್ಳಿಹಾಕಿತು. ನಂಬಿಕೆಯ ಮೊದಲ ಚಿಗುರೂ ದೇವರದೇ ಕೊಡುಗೆ ಎಂದು 529ರಲ್ಲಿ ಆರೆಂಜ್ ಸಭೆ ನಿರ್ಣಯ ಮಾಡಿತು. ಇಷ್ಟರವರೆಗೆ ಇಂದಿನ ಎರಡೂ ಕಡೆಯವರಿಗೆ ಒಪ್ಪಿಗೆ. ‘ಕ್ಯಾಥೊಲಿಕರು ಪುಣ್ಯಕಾರ್ಯ ಮಾಡಿ ಸ್ವರ್ಗ ಕೊಳ್ಳುತ್ತಾರೆ’ ಎಂದು ಸಲೀಸಾಗಿ ಹೇಳುವವರು ಈ ಎರಡು ಸಭೆಗಳನ್ನು ಮರೆತಿರುತ್ತಾರೆ.

ಮಧ್ಯಯುಗದ ಪಂಡಿತರು ಕೇಳಿದ್ದು ಮುಂದಿನ ಪ್ರಶ್ನೆ: ಕೃಪೆ ಬಂತು ಸರಿ, ಬಂದು ಎಲ್ಲಿ ಕೂತಿತು? ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿ ಕೊಟ್ಟ ಉತ್ತರ: ಆತ್ಮದೊಳಗೆ, ಒಂದು ಗುಣವಾಗಿ. ದೇವರು ಒಲಿದರೆ ಆ ಒಲವು ಮನುಷ್ಯನಲ್ಲಿ ನಿಜವಾಗಿ ಏನನ್ನೋ ಹುಟ್ಟಿಸುತ್ತದೆ. ದೀಕ್ಷಾಸ್ನಾನ, ಪರಮಪ್ರಸಾದ ಮೊದಲಾದ ಏಳು ಸಂಸ್ಕಾರಗಳು ಅದು ಹರಿದುಬರುವ ಕಾಲುವೆಗಳು. ಮಧ್ಯಯುಗದ ಕೊನೆಗೆ ಇನ್ನೊಂದು ಮಾತು ಚಲಾವಣೆಗೆ ಬಂತು: ತನ್ನ ಕೈಲಾದಷ್ಟು ಮಾಡಿದವನಿಗೆ ದೇವರು ಕೃಪೆ ತಪ್ಪಿಸುವುದಿಲ್ಲ. ಕೇಳಲು ಹಿತವಾಗಿದೆ. ಆದರೆ ‘ನನ್ನ ಕೈಲಾದಷ್ಟು ಮಾಡಿದ್ದೇನೆಯೇ’ ಎಂದು ರಾತ್ರಿಯೆಲ್ಲ ಹೊರಳಾಡುವ ಸ್ವಭಾವದವನಿಗೆ ಇದು ಹಿಂಸೆ. ಮುಂದೆ ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನ್ ಸನ್ಯಾಸಿ ಮಾರ್ಟಿನ್ ಲೂಥರ್ ಆ ಸ್ವಭಾವದವನೇ ಆಗಿದ್ದ.

1517ರಲ್ಲಿ ಲೂಥರ್ 95 ಹೇಳಿಕೆಗಳನ್ನು ಹೊರಡಿಸಿದ್ದು ಪಾಪದಂಡ ವಿನಾಯಿತಿ ಪತ್ರಗಳ ಮಾರಾಟದ ವಿರುದ್ಧ ಎಂಬುದು ಶಾಲೆ ಪುಸ್ತಕದಲ್ಲೇ ಇರುವ ಸಂಗತಿ. ನನಗೆ ಅದಕ್ಕಿಂತ ರುಚಿಯಾಗಿ ಕಂಡದ್ದು 1530ರಲ್ಲಿ ಆತ ಅನುವಾದದ ಬಗ್ಗೆ ಬರೆದ ಬಹಿರಂಗ ಪತ್ರ, ಯಾಕೆಂದರೆ ಅಲ್ಲಿನ ಜಗಳ ನಮ್ಮ ಅಂಗಡಿಯ ಜಗಳವೇ. ದೇವದೂತ ಮರಿಯಳಿಗೆ ಹೇಳುವ ವಂದನೆ ಲ್ಯಾಟಿನ್ನಿನಲ್ಲಿ ‘ಗ್ರಾತಿಯಾ ಪ್ಲೇನಾ’, ಅಂದರೆ ವರಪ್ರಸಾದಪೂರ್ಣೆ. ಲೂಥರ್ ಇದನ್ನು ಗೇಲಿ ಮಾಡಿದ: ‘ಕೃಪೆ ತುಂಬಿದವಳೇ’ ಎಂದು ಯಾವ ಜರ್ಮನ್ ಮಾತಾಡುತ್ತಾನೆ? ಕೇಳಿದವನಿಗೆ ಬಿಯರ್ ತುಂಬಿದ ಪೀಪಾಯಿಯೋ ದುಡ್ಡು ತುಂಬಿದ ಚೀಲವೋ ನೆನಪಾಗುತ್ತದೆ! ಅವನ ಅನುವಾದದಲ್ಲಿ ಅದು ‘ಮುದ್ದಿನವಳೇ, ದಯೆಗೆ ಪಾತ್ರಳಾದವಳೇ’ ಎಂಬ ಅರ್ಥದ ಪದವಾಯಿತು. ಭಾಷೆಯ ಹಠದಂತೆ ಕಂಡರೂ ಒಳಗೆ ಸಿದ್ಧಾಂತವಿತ್ತು. ಕೃಪೆ ಪಾತ್ರೆಗೆ ತುಂಬುವ ಪದಾರ್ಥವಲ್ಲ, ದೇವರ ಮನಸ್ಸಿನ ಒಲವು. ಅದು ಇರುವುದು ದೇವರಲ್ಲಿ ಎಂಬುದು ಅವನ ನಿಲುವು.

ಇದನ್ನು ಬಿಡಿಸಿ ಹೇಳಲು ಕನ್ನಡದಲ್ಲೊಂದು ಒಳ್ಳೆಯ ಪದವಿದೆ: ಕೃಪಾಂಕ. ಹುಡುಗ ಬರೆದಿದ್ದಕ್ಕೆ ಪಾಸಾಗುವಷ್ಟು ಅಂಕ ಬಿದ್ದಿಲ್ಲ, ಆದರೂ ಅಂಕಪಟ್ಟಿಯಲ್ಲಿ ಪಾಸು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದಾಗ ಎದ್ದ ಆಕ್ಷೇಪ ನೆನಪಿರಬಹುದು: ಕಲಿಯದವನನ್ನು ಪಾಸು ಎಂದರೆ ಅದೆಂಥ ಪಾಸು? ಲೂಥರನಿಗೆ ಕ್ಯಾಥೊಲಿಕರು ಕೇಳಿದ್ದು ಸರಿಸುಮಾರು ಇದನ್ನೇ. ಅವನ ಪ್ರಕಾರ ಕ್ರಿಸ್ತನ ನೀತಿ ನಂಬಿದವನ ಲೆಕ್ಕಕ್ಕೆ ಬರುತ್ತದೆ. ಅವನು ಇನ್ನೂ ಪಾಪಿಯೇ, ಆದರೂ ನೀತಿವಂತನೆಂದು ತೀರ್ಪಾಗಿದೆ. 1547ರ ಜನವರಿಯಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ ಇದಕ್ಕೆ ಉತ್ತರ ಕೊಟ್ಟಿತು. ಆರಂಭ ದೇವರ ಕೃಪೆಯಿಂದಲೇ, ಪುಕ್ಕಟೆಯಾಗಿಯೇ. ಆದರೆ ಅದು ತೀರ್ಪಿಗೇ ನಿಲ್ಲದೆ ಮನುಷ್ಯನೊಳಗೆ ಸುರಿದು, ನೆಲೆಸಿ, ಅವನನ್ನು ನಿಜಕ್ಕೂ ನೀತಿವಂತನನ್ನಾಗಿ ಮಾಡುತ್ತದೆ. ಅವನೂ ಅದಕ್ಕೆ ಒಪ್ಪಿ ಕೈಜೋಡಿಸಬೇಕು. ಅಂಕ ಕೊಟ್ಟು ಕಳಿಸುವ ಬದಲು ಮೇಷ್ಟ್ರೇ ಮನೆಯಲ್ಲಿ ಬಂದು ಉಳಿದು ಕಲಿಸಿದ ಹಾಗೆ.

ಹೋಲಿಕೆ ಇಲ್ಲಿ ಸ್ವಲ್ಪ ಸೋರುತ್ತದೆ. ಪಾಸಾದ ಹುಡುಗ ದಡ್ಡನಾಗಿಯೇ ಉಳಿಯಲಿ ಎಂದು ಲೂಥರನೂ ಹೇಳಿದವನಲ್ಲ; ಒಳ್ಳೆಯ ಮರ ಒಳ್ಳೆಯ ಹಣ್ಣು ಬಿಟ್ಟೇ ಬಿಡುತ್ತದೆ ಎಂಬುದು ಅವನ ಮಾತು. ಹಣ್ಣು ನೋಡಿ ಮರಕ್ಕೆ ಜೀವ ಕೊಡುವುದಿಲ್ಲ, ಅಷ್ಟೇ.

ಶ್ರೀವೈಷ್ಣವರಲ್ಲಿ ಇಂಥದೇ ಒಂದು ಚರ್ಚೆಯಿದೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ತಬ್ಬಿ ಹಿಡಿದಿರುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ಭಕ್ತ ಯಾವ ಮರಿ? ಮೊದಲನೆಯದನ್ನು ನಮ್ಮ ಅಡಿಕೆ ತೋಟಗಳಲ್ಲಿ ದಿನವೂ ನೋಡಬಹುದು, ಶಾಪ ಹಾಕುತ್ತ. ಇದನ್ನು ತಂದು ಕ್ಯಾಥೊಲಿಕರು ಕೋತಿಮರಿ, ಪ್ರೊಟೆಸ್ಟೆಂಟರು ಬೆಕ್ಕಿನ ಮರಿ ಎಂದು ಹಂಚಿಬಿಡುವ ಆಸೆಯಾಗುತ್ತದೆ. ಆದರೆ ಎರಡೂ ಮರಿಗಳು ಎರಡೂ ಮನೆಯಲ್ಲಿವೆ. ಕ್ಯಾಥೊಲಿಕರೊಳಗೇ ಎರಡು ಗುರುಸಂಘಗಳಲ್ಲಿ ಡೊಮಿನಿಕನ್ನರು ಬೆಕ್ಕಿನ ಕಡೆ ವಾಲಿದರೆ ಜೆಸ್ವಿಟರು ಕೋತಿಯ ಕಡೆ ವಾಲಿದರು. ವರ್ಷಗಟ್ಟಲೆ ವಾದ ಕೇಳಿದ ರೋಮ್, 1607ರಲ್ಲಿ ಯಾರ ಪರವೂ ತೀರ್ಪು ಕೊಡದೆ ಎದ್ದಿತು. ಪ್ರೊಟೆಸ್ಟೆಂಟರಲ್ಲಿ ಕ್ಯಾಲ್ವಿನ್ ಪರಂಪರೆಯವರು 1618–19ರ ಡೋರ್ಟ್ ಸಭೆಯಲ್ಲಿ, ದೇವರು ಆರಿಸಿದವರು ಕೃಪೆಯನ್ನು ಕೊನೆವರೆಗೂ ತಡೆದು ನಿಲ್ಲಲಾರರು ಎಂದರು. ಅಪ್ಪಟ ಬೆಕ್ಕು. ಮರುಶತಮಾನದ ಜಾನ್ ವೆಸ್ಲಿ, ಮೆಥಡಿಸ್ಟ್ ಪಂಥದ ಮೂಲಪುರುಷ, ಇದನ್ನು ಒಪ್ಪಲಿಲ್ಲ: ಕೃಪೆ ಎಲ್ಲರ ಬಾಗಿಲಿಗೂ ಮೊದಲೇ ಬಂದು ನಿಂತಿರುತ್ತದೆ, ತೆಗೆಯುವುದು ಬಿಡುವುದು ಮನುಷ್ಯನಿಗೆ ಸೇರಿದ್ದು, ತೆಗೆದರೆ ಅದು ಅವನನ್ನು ಬದಲಾಯಿಸುತ್ತ ಹೋಗುತ್ತದೆ.

ವೆಸ್ಲಿಯ ಮಾತು ನಮಗೆ ದೂರದ್ದಲ್ಲ. ಹಳೇ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ್ದು ವೆಸ್ಲಿಯನ್ ಮಿಷನ್ನು. 1947ರಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಮೊದಲಾದವರು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಆದಾಗ ಆ ಪರಂಪರೆಯೂ ಅದರೊಳಗೆ ಸೇರಿತು. ಹಾಗಾಗಿ ಮದುವೆ ಹುಡುಗನ ಮನೆಯವರ ‘ಕೃಪೆ’, ಪದ ಬೇರೆಯಾದರೂ, ಅಜ್ಜಿಯ ‘ವರಪ್ರಸಾದ’ಕ್ಕೆ ನಾವು ಅಂದುಕೊಳ್ಳುವುದಕ್ಕಿಂತ ಹತ್ತಿರ.

ದೊಡ್ಡವರು ಕೂತು ಮಾತಾಡಿದ್ದೂ ಉಂಟು. 1541ರಲ್ಲೇ ರೆಗೆನ್ಸ್‌ಬುರ್ಗಿನಲ್ಲಿ ಎರಡೂ ಕಡೆಯ ಪಂಡಿತರು ಈ ಒಂದು ವಿಷಯದಲ್ಲಿ ಒಪ್ಪಂದದ ಮಾತು ಬರೆದಿದ್ದರು. ಲೂಥರನಿಗೂ ಹಿಡಿಸಲಿಲ್ಲ, ರೋಮಿಗೂ ಹಿಡಿಸಲಿಲ್ಲ. ಮತ್ತೆ ಸಹಿ ಬಿದ್ದದ್ದು 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬುರ್ಗಿನಲ್ಲಿ. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಹಾಗೆ ಸ್ವೀಕರಿಸಿ ನಮ್ಮ ಹೃದಯವನ್ನು ಹೊಸತು ಮಾಡುತ್ತಾನೆ ಎಂದು ಕ್ಯಾಥೊಲಿಕರೂ ಲೂಥರನ್ನರೂ ಕೂಡಿ ಹೇಳಿದರು. 2006ರಲ್ಲಿ ಮೆಥಡಿಸ್ಟರೂ ಅದಕ್ಕೆ ಸೇರಿಕೊಂಡರು. ಎಲ್ಲ ಮುಗಿಯಿತೆಂದಲ್ಲ; ಸಂಸ್ಕಾರ ಎಷ್ಟು, ಅಧಿಕಾರ ಯಾರದ್ದು ಎಂಬ ಗಂಟುಗಳು ಹಾಗೇ ಇವೆ.

ಪುಸ್ತಿಕೆಯಲ್ಲಿ ಕೊನೆಗೆ ಎರಡು ಪದಗಳನ್ನೂ ಅವರವರ ಜಾಗದಲ್ಲೇ ಉಳಿಸಿದೆವು. ಹಿಂದಿನ ಪುಟ ಖಾಲಿಯಿತ್ತು. ಅಲ್ಲಿಗೆ ಅಜ್ಜಿ, ತಾವು ಮನೆಯಲ್ಲಿ ಹೇಳುವ ಅದೇ ಪ್ರಾರ್ಥನೆಯನ್ನು ಕೊಂಕಣಿಯಲ್ಲಿ, ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟರು: ‘ನಮಾನ್ ಮರಿಯೆ, ಕುರ್ಪೆನ್ ಭರ್‌ಲೆಲೆ’. ಕುರ್ಪಾ ಎಂದರೆ ನಮ್ಮ ಕೃಪೆಯೇ, ‘ಭರ್‌ಲೆಲೆ’ ಎಂದರೆ ತುಂಬಿದವಳೇ. ಲೂಥರ್ ಗೇಲಿ ಮಾಡಿದ ‘ತುಂಬಿದ’ವೂ ಸಿಎಸ್‌ಐನವರ ‘ಕೃಪೆ’ಯೂ ಒಂದೇ ಸಾಲಿನಲ್ಲಿ ಕೂತಿದ್ದವು.