ಕೈಯ ಇಂಪಿಡೆನ್ಸ್ ಅಳೆದರೆ ಪ್ರತಿ ಸಲ ಬೇರೆ ನಂಬರ್ ಯಾಕೆ?

ಪ್ರಶ್ನೆ: ಸರ್, ನಾವು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಏಳನೇ ಸೆಮಿಸ್ಟರ್ ಓದುತ್ತಿದ್ದೇವೆ. ಇಂಪಿಡೆನ್ಸ್, ಅಂದರೆ ಎಸಿ ಕರೆಂಟಿಗೆ ಒಡ್ಡುವ ತಡೆ, ಅಳೆಯುವ ಎಡಿ5933 ಚಿಪ್ಪಿನ ಮಾಡ್ಯೂಲನ್ನು ಆರ್ಡುಯಿನೊ ಬೋರ್ಡಿಗೆ ಜೋಡಿಸಿ, ಮುಂಗೈಗೆ ಎರಡು ಇಸಿಜಿ ಪ್ಯಾಚ್ ಅಂಟಿಸಿದ್ದೇವೆ. ರೆಸಿಸ್ಟರ್ ಹಾಕಿದರೆ ಉತ್ತರ ಸರಿಯಾಗಿ ಬರುತ್ತದೆ. ಕೈ ಹಾಕಿದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಚಿಪ್ ಕೆಟ್ಟಿದೆಯಾ?

ಚಿಪ್ ಚೆನ್ನಾಗಿಯೇ ಇದೆ. ಅದರ ಎದುರು ನೀವು ಏನನ್ನು ಇಟ್ಟಿದ್ದೀರಿ ಅನ್ನುವುದನ್ನು ನೋಡಿ. ಮೊದಲು ಪ್ಯಾಚಿನ ಲೋಹ, ಆಮೇಲೆ ಜೆಲ್, ಚರ್ಮ, ಒಳಗಿನ ಮಾಂಸ, ಮತ್ತೆ ಚರ್ಮ, ಜೆಲ್, ಲೋಹ. ಎರಡೇ ಎಲೆಕ್ಟ್ರೋಡ್, ಅಂದರೆ ಎರಡೇ ಪ್ಯಾಚ್, ಇದ್ದರೆ ಇವೆಲ್ಲ ಸಾಲಾಗಿ ಕೂಡಿ ಒಂದೇ ನಂಬರ್ ಆಗುತ್ತವೆ. ನಿಮಗೆ ಬೇಕಾದದ್ದು ನಡುವಿನ ಮಾಂಸದ ಲೆಕ್ಕ ಮಾತ್ರ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೂಗಿದರೆ ಚೀಲದ ತೂಕ ಕಳೆಯುತ್ತಾರೆ, ಅಲ್ವಾ? ನಿಮ್ಮ ಲೆಕ್ಕದಲ್ಲಿ ಚೀಲವೇ ಒಂದು ಕ್ವಿಂಟಲ್, ಒಳಗಿರುವ ಕಾಯಿ ನಾಲ್ಕು ಹಿಡಿ. ಸಾಲದ್ದಕ್ಕೆ ಚೀಲದ ತೂಕ ಗಂಟೆಗೊಂದು ಸಲ ಬದಲಾಗುತ್ತದೆ. ಒಣ ಚರ್ಮದ ಮೇಲ್ಪದರ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಹತ್ತಾರು ಸಾವಿರ ಓಮ್ ತೋರಿಸುತ್ತದೆ, ಕೆಲವರಲ್ಲಿ ಲಕ್ಷವನ್ನೂ ದಾಟುತ್ತದೆ. ಫ್ರೀಕ್ವೆನ್ಸಿ ಏರಿದರೆ ಅದು ನೂರಾರು ಓಮ್‌ಗೆ ಇಳಿಯುತ್ತದೆ. ಆದರೆ ಮುಂಗೈಯ ಒಳಗೆ ಹತ್ತು ಸೆಂಟಿಮೀಟರ್ ಉದ್ದದ ಮಾಂಸ ಬರೀ ಹತ್ತಾರು ಓಮ್. ಬೆವರು ಬಂದರೆ ಚರ್ಮದ ಲೆಕ್ಕ ಬಿದ್ದುಹೋಗುತ್ತದೆ, ಜೆಲ್ ಒಣಗಿದರೆ ಏರುತ್ತದೆ. ನಾನೂ ಇದೇ ಗುಂಡಿಗೆ ಬಿದ್ದವನು. ಏಪ್ರಿಲ್‌ನಲ್ಲಿ ಡೆಮೊ, ಲ್ಯಾಬಿನಲ್ಲಿ ಫ್ಯಾನ್ ನಿಂತಿತ್ತು. ನಂಬರ್ ಇಳಿಯುತ್ತಲೇ ಹೋಯಿತು. "ಸ್ನಾಯು ಸಡಿಲವಾಗುತ್ತಿದೆ ಸರ್" ಎಂದು ಎಕ್ಸಾಮಿನರ್‌ಗೆ ವಿವರಿಸಿಯೂ ಬಿಟ್ಟೆ. ಪಾಪ, ಅವರು ನಂಬಿದರು. ಅದು ಹುಬ್ಬಳ್ಳಿಯ ಬೇಸಿಗೆಯ ಬೆವರು.

ಇದಕ್ಕೆ ಮದ್ದು ನಾಲ್ಕು ಎಲೆಕ್ಟ್ರೋಡ್. ಹೊರಗಿನ ಎರಡರಿಂದ ಕರೆಂಟ್ ಹರಿಸಬೇಕು, ಒಳಗಿನ ಎರಡರಿಂದ ವೋಲ್ಟೇಜ್ ಓದಬೇಕು. ವೋಲ್ಟೇಜ್ ಓದುವ ಆಂಪ್ಲಿಫೈಯರ್ ಕರೆಂಟನ್ನೇ ಎಳೆಯುವುದಿಲ್ಲ ಅನ್ನಬಹುದು. ಕರೆಂಟ್ ಹರಿಯದ ಕಡೆ ಚರ್ಮ ಎಷ್ಟೇ ಓಮ್ ಇದ್ದರೂ ವೋಲ್ಟೇಜ್ ಬೀಳುವುದಿಲ್ಲ, ಹಾಗಾಗಿ ಚೀಲದ ತೂಕ ತಾನಾಗಿ ಕಳೆದುಹೋಗುತ್ತದೆ. ಮನೆಯಲ್ಲಿ ಕೊಬ್ಬಿನ ಪರ್ಸೆಂಟ್ ತೋರಿಸುವ ತೂಕದ ಯಂತ್ರ ಇದ್ದರೆ ಗಮನಿಸಿ. ಪ್ರತಿ ಪಾದದ ಕೆಳಗೂ ಎರಡೆರಡು ಲೋಹದ ಪಟ್ಟಿ ಇರುವುದು ಇದಕ್ಕೇ. ಕರೆಂಟ್ ಒಂದು ಕಾಲಿನಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ಹೊಟ್ಟೆಯ ಮೇಲಿನ ಭಾಗವನ್ನು ಅದು ಅಳೆಯುವುದೇ ಇಲ್ಲ, ಎತ್ತರ, ವಯಸ್ಸು ಸೇರಿಸಿ ಸೂತ್ರದಿಂದ ಊಹಿಸುತ್ತದೆ.

ಕಷ್ಟ ಏನೆಂದರೆ ಎಡಿ5933ರಲ್ಲಿ ಅಳತೆಗೆಂದು ಇರುವುದು ಎರಡೇ ಕಾಲು (ಪಿನ್): ಒಂದರಿಂದ ಸಿಗ್ನಲ್ ಹೊರಗೆ, ಇನ್ನೊಂದರಿಂದ ಒಳಗೆ. ಅದರ ಡೇಟಾಶೀಟ್ ಹೇಳುವುದೇ 1 ಕಿಲೋಓಮ್‌ನಿಂದ ಮೇಲೆ. 100 ಓಮ್ ತನಕ ಇಳಿಯಲೂ ಹೊರಗೆ ಬೇರೆ ಸರ್ಕ್ಯೂಟ್ ಬೇಕು. ಹತ್ತಾರು ಓಮ್‌ಗೆ ಹೌಲ್ಯಾಂಡ್ ಕರೆಂಟ್ ಸೋರ್ಸ್ (ಎದುರು ಏನೇ ಇರಲಿ, ಒಂದೇ ಅಳತೆಯ ಕರೆಂಟ್ ಹರಿಸುವ ಸರ್ಕ್ಯೂಟ್) ಮತ್ತು ಒಳ್ಳೆಯ ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ (ಎರಡು ಬಿಂದುಗಳ ವೋಲ್ಟೇಜ್ ವ್ಯತ್ಯಾಸ ಹಿಗ್ಗಿಸುವಂಥದ್ದು) ನೀವೇ ಕಟ್ಟಬೇಕು. ಅದು ಬೇಡ ಅನ್ನಿಸಿದರೆ ಎಡಿ5940 ಅಥವಾ ಮ್ಯಾಕ್ಸ್30009 ಚಿಪ್ ನೋಡಿ, ಅವು ನಾಲ್ಕು ವೈರಿಗೆಂದೇ ಹುಟ್ಟಿದವು. ಪ್ರಾಜೆಕ್ಟ್ ಮುಗಿಸಲು ಎರಡೇ ತಿಂಗಳಿದ್ದರೆ ನಾನಾದರೆ ಅವನ್ನೇ ತೆಗೆದುಕೊಳ್ಳುತ್ತೇನೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. "ಮನುಷ್ಯನ ಮೈ, ಸ್ವಲ್ಪವೇ ವೋಲ್ಟೇಜ್ ಇರಲಿ" ಎಂದು ಎಲ್ಲರೂ ಎಡಿ5933ರ ಅತಿ ಚಿಕ್ಕ ರೇಂಜ್ ಆರಿಸುತ್ತಾರೆ. ಅಲ್ಲೇ ಅಪಾಯ ಇರುವುದು. 3.3 ವೋಲ್ಟ್ ಸಪ್ಲೈ ಕೊಟ್ಟಾಗ ಆ ರೇಂಜಿನಲ್ಲಿ ಔಟ್‌ಪುಟ್ ಸುಮಾರು 0.17 ವೋಲ್ಟ್ ಡಿಸಿ ಮೇಲೆ ಕೂತಿರುತ್ತದೆ. ಇನ್‌ಪುಟ್ ಕಡೆ ಸಪ್ಲೈಯ ಅರ್ಧ, ಅಂದರೆ 1.65 ವೋಲ್ಟ್. ಈ ಎರಡರ ನಡುವಿನ ಒಂದೂವರೆ ವೋಲ್ಟ್ ನೇರವಾಗಿ ಕೈಯಲ್ಲಿ ಡಿಸಿ ಕರೆಂಟ್ ಹರಿಸುತ್ತದೆ. ಡಿಸಿ ತುಂಬ ಹೊತ್ತು ಹರಿದರೆ ಎಲೆಕ್ಟ್ರೋಡ್ ಕೆಳಗಿನ ಚರ್ಮ ಸುಡುತ್ತದೆ. ಅದಕ್ಕೇ ಎರಡೂ ವೈರಿಗೆ ಸಾಲಾಗಿ ಕೆಪಾಸಿಟರ್ ಹಾಕಿ. 100 ನ್ಯಾನೊಫ್ಯಾರಡ್ ಸಾಕು, 50 ಕಿಲೋಹರ್ಟ್ಸ್‌ನಲ್ಲಿ ಅದು ಸುಮಾರು 32 ಓಮ್ ಅಷ್ಟೇ. ಕ್ಯಾಲಿಬ್ರೇಶನ್ ಮಾಡುವಾಗಲೂ ಅವು ಸರ್ಕ್ಯೂಟಿನಲ್ಲೇ ಇರಲಿ. ಪ್ಯಾಚ್ ಅಂಟಿಸಿಕೊಂಡವರು ಇರುವಾಗ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ, ಎಲ್ಲ ಬ್ಯಾಟರಿಯಲ್ಲೇ ನಡೆಯಲಿ. ಪೇಸ್‌ಮೇಕರ್ ಇರುವವರನ್ನು ಹತ್ತಿರ ಕೂರಿಸಲೇಬೇಡಿ.

ಇಷ್ಟಾದ ಮೇಲೂ ನೇರವಾಗಿ ಕೈಗೆ ಹೋಗಬೇಡಿ. ಒಂದು ಬಟಾಟಿ ತನ್ನಿ. ಹಸಿ ಬಟಾಟಿಗೆ ಸ್ಟೀಲಿನ ನಾಲ್ಕು ಸೂಜಿಗಳನ್ನು ಸಮ ಅಂತರದಲ್ಲಿ, ಒಂದೇ ಸಾಲಿನಲ್ಲಿ ಚುಚ್ಚಿ. 5 ಕಿಲೋಹರ್ಟ್ಸ್‌ನಿಂದ 100ರ ತನಕ ಅಳೆಯುತ್ತ ಹೋಗಿ, ನಂಬರ್ ದಡದಡ ಇಳಿಯುತ್ತದೆ. ಕಾರಣ ಜೀವಕೋಶದ ಪೊರೆ. ಹತ್ತು ನ್ಯಾನೊಮೀಟರಿಗಿಂತಲೂ ತೆಳುವಾದ ಆ ಪೊರೆ ಒಂದು ಕೆಪಾಸಿಟರ್, ಚದರ ಸೆಂಟಿಮೀಟರಿಗೆ ಸುಮಾರು 1 ಮೈಕ್ರೋಫ್ಯಾರಡ್. ನಿಧಾನದ ಕರೆಂಟ್ ಕೋಶಗಳ ಸಂದಿಯಲ್ಲಿ ಸುತ್ತಿ ಹೋಗುತ್ತದೆ, ವೇಗದ ಕರೆಂಟ್ ಪೊರೆ ದಾಟಿ ಒಳಗಿನಿಂದಲೇ ಹೋಗುತ್ತದೆ. ಈ ಇಳಿತಕ್ಕೆ ಬೀಟಾ ಡಿಸ್ಪರ್ಶನ್ ಎನ್ನುತ್ತಾರೆ. ಜೀವಭೌತ ವಿಜ್ಞಾನಿ ಹರ್ಮನ್ ಶ್ವಾನ್ 1957ರಲ್ಲಿ ಇಂಥ ಇಳಿತಗಳನ್ನು ಆಲ್ಫಾ, ಬೀಟಾ, ಗಾಮಾ ಎಂದು ವಿಂಗಡಿಸಿದರು. ದೇಹ ಅಳೆಯುವ ಯಂತ್ರಗಳಲ್ಲಿ ನೀವು ಪದೇ ಪದೇ ಕಾಣುವ 50 ಕಿಲೋಹರ್ಟ್ಸ್ ಕೂಡ ಇದೇ ಇಳಿಜಾರಿನ ನಡುವೆ ಬರುತ್ತದೆ.

ಈಗ ಇನ್ನೊಂದು ಬಟಾಟಿಯನ್ನು ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ, ಪೂರ್ತಿ ಆರಿಸಿ, ಅದೇ ಅಂತರದಲ್ಲಿ ಸೂಜಿ ಚುಚ್ಚಿ ಅಳೆಯಿರಿ. ಪೊರೆಗಳು ಒಡೆದಿರುತ್ತವೆ. ನಂಬರ್ ಶುರುವಿನಲ್ಲೇ ಕೆಳಗಿರುತ್ತದೆ, ಗೆರೆ ಹೆಚ್ಚುಕಡಿಮೆ ಮಟ್ಟಸವಾಗಿ ಮಲಗುತ್ತದೆ. ಎರಡು ಗೆರೆಗಳಲ್ಲಿ ಈ ವ್ಯತ್ಯಾಸ ಕಾಣದಿದ್ದರೆ ನಿಮ್ಮ ಸರ್ಕ್ಯೂಟ್ ಇನ್ನೂ ಚೀಲವನ್ನೇ ತೂಗುತ್ತಿದೆ, ಕೈಗೆ ಹೋಗುವ ಹೊತ್ತು ಬಂದಿಲ್ಲ. ಕಂಡರೆ ಆ ಗ್ರಾಫ್ ನನಗೂ ಕಳಿಸಿ. ಸೂಜಿ ಚುಚ್ಚಿದ ಬಟಾಟಿಯನ್ನು ಮಾತ್ರ ಮೆಸ್ಸಿನ ಪಲ್ಯಕ್ಕೆ ಸೇರಿಸಬೇಡಿ.