ವರ್ಷದ ಜೋಳ ಒಮ್ಮೆಗೇ ತುಂಬಿಸಿಟ್ಟರೆ ದುಡ್ಡು ಉಳಿಯುತ್ತದೆಯೇ?

ಪ್ರಶ್ನೆ: ನಾವು ನಾಲ್ಕು ಮಂದಿ, ಹುಬ್ಬಳ್ಳಿಯಾಗ ಬಾಡಿಗಿ ಮನಿಯಾಗ ಇರ್ತೀವಿ. ಮನೆಯವರ ಪಗಾರದ ಮ್ಯಾಲೆ ಸಂಸಾರ ನಡೀಬೇಕು. ತಿಂಗಳಾ ಅಂಗಡಿಯಾಗ ಜೋಳ ತರೋದಕ್ಕಿಂತ ಸುಗ್ಗಿಯಾಗ ವರ್ಷಕ್ಕ ಆಗುವಷ್ಟು ತಗೊಂಡಿಟ್ಟರ ಉಳಿತಾಯ ಆಗತೈತಿ ಅಂತಾರ. ಹೋದ ವರ್ಷ ಒಂದು ಚೀಲ ತಂದಿದ್ದೆ, ಶ್ರಾವಣ ಬರೂದ್ರಾಗ ನುಸಿ ಹತ್ತಿ ಅರ್ಧ ಹಾಳಾತು. ಮತ್ತ ತರಬೇಕೋ ಬ್ಯಾಡೋ?

ಉತ್ತರ: ತರ್ರಿ. ಆದರೆ ಸಾಲ ಮಾಡಿ ತರಬೇಡಿ, ತಂದ ಚೀಲದಲ್ಲೇ ಇಡಬೇಡಿ. ನಿಮ್ಮ ಜೋಳ ಕೆಟ್ಟದ್ದಕ್ಕೆ ಆ ಚೀಲವೇ ಕಾರಣ ಇದ್ದೀತು.

ಮೊದಲು ಎಷ್ಟು ಬೇಕೆಂದು ನೋಡೋಣ. ಒಂದು ಕಿಲೋ ಹಿಟ್ಟಿಗೆ ತೆಳ್ಳಗೆ ಬಡಿದರೆ ಸುಮಾರು 15 ರೊಟ್ಟಿ ಬರುತ್ತವೆ. ಬುತ್ತಿಗೂ ರಾತ್ರಿ ಊಟಕ್ಕೂ ಸೇರಿ ದಿನಕ್ಕೆ 9 ರೊಟ್ಟಿ ಎಂದರೆ 600 ಗ್ರಾಂ ಹಿಟ್ಟು, ತಿಂಗಳಿಗೆ 18 ಕಿಲೋ. ಹಬ್ಬ, ಚಪಾತಿಯ ದಿನ, ಊರಿಗೆ ಹೋದ ದಿನ ಕಳೆದು ವರ್ಷಕ್ಕೆ 200 ಕಿಲೋ, ಅಂದರೆ ಎರಡು ಕ್ವಿಂಟಲ್. ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು. ಒಂದು ವಾರ ರೊಟ್ಟಿ ಎಣಿಸಿ ನೋಡಿ, ಅಂದಾಜಿನ ಮೇಲೆ ಕೊಳ್ಳಬೇಡಿ. ವಾರಕ್ಕೆ ಎರಡು ಮೂರು ದಿನವಷ್ಟೇ ರೊಟ್ಟಿ ಮಾಡುವ ಮನೆಗೆ ಈ ಉಸಾಬರಿಯೇ ಬೇಡ. ಎರಡು ತಿಂಗಳಿಗೊಮ್ಮೆ 15 ಕಿಲೋ ತಂದರೆ ಸಾಕು.

ಇನ್ನು ದುಡ್ಡು. 2025-26ಕ್ಕೆ ಕೇಂದ್ರ ಸರಕಾರ ಮಾಲದಂಡಿ ಎಂಬ ಬಿಳಿಜೋಳದ ತಳಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಒಳ್ಳೆಯ ಮಾಲಿಗೆ ಪೇಟೆಯಲ್ಲಿ ಹೆಚ್ಚೂ ಇರುತ್ತದೆ, ಲೆಕ್ಕಕ್ಕೆ 4,000 ಎಂದು ಹಿಡಿಯೋಣ. ಎರಡು ಕ್ವಿಂಟಲಿಗೆ 8,000. ಅಂಗಡಿಯ ದರಕ್ಕಿಂತ ಕಿಲೋಗೆ 10 ರೂಪಾಯಿ ಕಡಿಮೆ ಬಿದ್ದರೆ ವರ್ಷಕ್ಕೆ 2,000 ಉಳಿಯಿತು. ಅದರಲ್ಲಿ ಗಾಡಿ ಬಾಡಿಗೆ, ಹಮಾಲಿ, ಪ್ಲಾಸ್ಟಿಕ್ ಚೀಲದ ಖರ್ಚು ಹೋಗಬೇಕು. ಈಗ ಅದೇ 8,000ವನ್ನು ನೂರಕ್ಕೆ ಮೂರರ ಬಡ್ಡಿಗೆ ಕೈಗಡ ತಂದಿರೆನ್ನಿ. ತಿಂಗಳಿಗೆ 240 ಬಡ್ಡಿ, ಎಂಟು ತಿಂಗಳಿಗೆ 1,920. ಉಳಿದದ್ದೆಲ್ಲ ಬಡ್ಡಿಗೇ ಹೋಯಿತು, ಮೇಲೆ ಜೋಳ ಕಾಯುವ ಕೆಲಸ ನಿಮ್ಮ ತಲೆಗೆ. ಅದಕ್ಕೇ ಹಿಂದಿನ ಮಾರ್ಚಿನಿಂದಲೇ ತಿಂಗಳಿಗೆ 670 ರೂಪಾಯಿ ಬೇರೆ ಎತ್ತಿಡುತ್ತ ಬನ್ನಿ. ಗೃಹಲಕ್ಷ್ಮಿಯ 2,000 ಬರುವ ಮನೆಯಲ್ಲಿ ಇದಕ್ಕೆ ದಾರಿ ಸುಲಭ. ಮೊದಲ ವರ್ಷ ಅಷ್ಟು ಕೂಡದಿದ್ದರೆ ಒಂದೇ ಕ್ವಿಂಟಲ್ ತನ್ನಿ, ಅದೂ ಲಾಭವೇ.

ಕೊಳ್ಳಲು ಹದವಾದ ಹೊತ್ತು ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ, ಹಿಂಗಾರಿ ಬಿಳಿಜೋಳ ರಾಶಿಯಾಗಿ ಬರುವಾಗ. ಮುಂಗಾರಿ ಹೈಬ್ರಿಡ್ ಜೋಳ ಅಗ್ಗ ಸಿಗುತ್ತದೆ, ಆದರೆ ತೆನೆ ಬಲಿಯುವಾಗ ಮಳೆ ಸಿಕ್ಕರೆ ಕಾಳಿಗೆ ಬೂಷ್ಟು ಹಿಡಿಯುತ್ತದೆ; ವರ್ಷಗಟ್ಟಲೆ ಇಡುವ ಮಾಲಲ್ಲ ಅದು. ಅಮರಗೋಳದ ಎಪಿಎಂಸಿಯಲ್ಲಿ ಸವಾಲು ಕೂಗುವವರು ಪರವಾನಗಿ ಇರುವ ವ್ಯಾಪಾರಿಗಳು, ನಾವು ನೀವು ಹೋಗಿ ಕೂಗಲಾಗದು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಎರೆಹೊಲದ ರೈತರ ಪರಿಚಯವಿದ್ದರೆ ಅವರಿಂದ ನೇರ ಕೊಳ್ಳುವುದು ಎಲ್ಲಕ್ಕಿಂತ ಚಲೋ. ಓಣಿಯ ಮೂರು ನಾಲ್ಕು ಮನೆಯವರು ಕೂಡಿ ಒಂದೇ ಟಂಟಂನಲ್ಲಿ ತರಿಸಿದರೆ ಬಾಡಿಗೆ ಹಂಚಿ ಹೋಗುತ್ತದೆ.

ಮಾಲು ನೋಡುವಾಗ ಚೀಲದ ಬಾಯಿಯಲ್ಲಿರುವ ಕಾಳು ನಂಬಬೇಡಿ. ಮೊಣಕೈವರೆಗೆ ಕೈ ಇಳಿಸಿ. ಒಳಗೆ ಬೆಚ್ಚಗೆ ಹತ್ತಿದರೆ ಹಸಿ ಇದೆ ಅಥವಾ ಹುಳ ಎದ್ದಿದೆ ಎಂದರ್ಥ, ಅಂಥದ್ದು ಬೇಡ. ಕಾಳು ಮುತ್ತಿನಂತೆ ಬೆಳ್ಳಗೆ ಹೊಳೆಯಬೇಕು, ತುದಿ ಕಪ್ಪಾಗಿರಬಾರದು. ಹಲ್ಲಿಗೆ ಹಾಕಿ ಕಡಿದರೆ ಕಟ್ ಎಂದು ಒಡೆಯಬೇಕು. ಹಲ್ಲು ಮೆತ್ತಗೆ ಇಳಿದರೆ ಇನ್ನೂ ಒಣಗಬೇಕು. ಒಂದು ಹಿಡಿ ನೀರಿಗೆ ಹಾಕಿದರೆ ಪೊಳ್ಳು, ಹುಳ ತಿಂದದ್ದು ಮೇಲೆ ತೇಲುತ್ತದೆ. ಎಲ್ಲಕ್ಕೂ ಮೊದಲು ಎರಡು ಕಿಲೋ ಮಾತ್ರ ತಂದು ಬೀಸಿಸಿ ರೊಟ್ಟಿ ಮಾಡಿ ನೋಡಿ. ಹಿಟ್ಟಿಗೆ ಜಿಗಿ ಇಲ್ಲದ, ಬಡಿಯುವಾಗ ಅಂಚು ಸೀಳುವ ಜೋಳವನ್ನು ಎರಡು ಕ್ವಿಂಟಲ್ ತಂದಿಟ್ಟುಕೊಂಡರೆ ವರ್ಷವಿಡೀ ಒದ್ದಾಟ.

ಈಗ ನುಸಿಯ ಮಾತು. ಮಾರ್ಚಿನಲ್ಲಿ ಸ್ವಚ್ಛವಿದ್ದ ಜೋಳದಲ್ಲಿ ಶ್ರಾವಣಕ್ಕೆ ಹುಳ ಎಲ್ಲಿಂದ ಬಂತು? ಬಹಳ ಸಲ ಅದು ಕಾಳಿನೊಳಗೇ ಇತ್ತು. ಸೊಂಡಿಲಿನ ಹೆಣ್ಣು ಹುಳ ಕಾಳಿಗೆ ತೂತು ಕೊರೆದು, ಒಳಗೆ ತತ್ತಿ ಇಟ್ಟು, ತೂತಿನ ಬಾಯಿ ಮುಚ್ಚಿಬಿಡುತ್ತದೆ. ಮರಿ ಒಳಗೇ ಹಿಟ್ಟು ತಿಂದು ಬೆಳೆದು, ಬೆಚ್ಚಗಿನ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಹೊರಬರುತ್ತದೆ, ಬಂದು ಮತ್ತೆ ತತ್ತಿ ಇಡುತ್ತದೆ. ನಾಲ್ಕೈದು ತಿಂಗಳಲ್ಲಿ ನಾಲ್ಕು ತಲೆಮಾರು. ಕೇರಿದರೂ ಸಾಣಿಗಿ ಹಿಡಿದರೂ ಈ ತತ್ತಿ ಸಿಗುವುದಿಲ್ಲ. ಇನ್ನೊಂದು ದಾರಿ ಹಳೆಯ ಗೋಣಿಚೀಲ: ಅದರ ಹೊಲಿಗೆಯ ಸಂದಿಯಲ್ಲಿ ಹೋದ ವರ್ಷದ ಹುಳ ಕೂತಿರುತ್ತದೆ.

ಮೊದಲು ಒಣಗಿಸಿ. ತಾಳಪತ್ರಿ ಹಾಸಿ ಜೋಳವನ್ನು ಒಂದಿಂಚಿಗಿಂತ ತೆಳ್ಳಗೆ ಹರವಿ, ತಾಸಿಗೊಮ್ಮೆ ಕೈಯಾಡಿಸಿ. ಏಪ್ರಿಲ್ ಬಿಸಿಲಿಗೆ ಎರಡು ದಿನ ಸಾಕು. ತೇವ ನೂರಕ್ಕೆ 12ಕ್ಕಿಂತ ಕೆಳಗಿರಬೇಕು. ಮನೆಯಲ್ಲಿ ಯಂತ್ರ ಇರುವುದಿಲ್ಲ, ಅದಕ್ಕೆ ಉಪ್ಪಿನ ಪರೀಕ್ಷೆ ಇದೆ: ಒಣ ಗಾಜಿನ ಬಾಟಲಿಗೆ ಕಾಲುಭಾಗ ಜೋಳ, ಎರಡು ಚಮಚ ಪೂರ್ತಿ ಒಣಗಿದ ಉಪ್ಪು ಹಾಕಿ, ಮುಚ್ಚಿ, ಚೆನ್ನಾಗಿ ಅಲುಗಿಸಿ ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ಜೋಳ ಹಸಿ. ಮೆತ್ತದಿದ್ದರೂ ಹಲ್ಲಿನ ಪರೀಕ್ಷೆ ಬಿಡಬೇಡಿ.

ಇಲ್ಲಿ ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ: ಬಿಸಿಲಿನಿಂದ ಎತ್ತಿದ ಬಿಸಿ ಜೋಳವನ್ನು ಹಾಗೇ ಡ್ರಮ್ಮಿಗೆ ಸುರಿಯುತ್ತಾರೆ. ರಾತ್ರಿ ಡ್ರಮ್ಮಿನ ಗೋಡೆ ತಣ್ಣಗಾದಾಗ ಒಳಗಿನ ಆವಿ ನೀರಾಗಿ ಇಳಿಯುತ್ತದೆ, ಅಂಚಿನ ಕಾಳಿಗೆ ಬೂಷ್ಟು ಹತ್ತುತ್ತದೆ. ಸಂಜೆ ಮಂಜು ಬೀಳುವ ಮೊದಲು ಒಳಗೆ ತಂದು, ನೆಲದ ಮೇಲೆ ಹರವಿ ರಾತ್ರಿಯಿಡೀ ಆರಲು ಬಿಡಿ. ಬೆಳಗ್ಗೆ ಹಸನ ಮಾಡಿ ತುಂಬಿ. ಒಡಕು ನುಚ್ಚು ಉಳಿಯಬಾರದು, ಕೆಂಪು ಹಿಟ್ಟಿನ ಹುಳಕ್ಕೆ ಅದೇ ಆಹಾರ.

ತುಂಬುವುದಕ್ಕೆ ಒಂದು ದೊಡ್ಡ ಡ್ರಮ್ಮಿಗಿಂತ ಸಣ್ಣವು ನಾಲ್ಕೈದು ಮೇಲು. ಗಾಳಿಯಾಡದಂತೆ ಮುಚ್ಚಿದರೆ ಕಾಳೂ ಹುಳವೂ ಉಸಿರಾಡಿ ಒಳಗಿನ ಆಮ್ಲಜನಕ ತೀರುತ್ತದೆ, ಹುಳ ತಿನ್ನುವುದು ನಿಲ್ಲಿಸಿ ಸಾಯುತ್ತದೆ, ಕಾಳಿನೊಳಗಿನ ಮರಿಯೂ ಸಾಯುತ್ತದೆ. ಔಷಧದ ಕೆಲಸವನ್ನು ಮುಚ್ಚಳವೇ ಮಾಡುತ್ತದೆ. ಆದರೆ ದಿನಾ ತೆರೆದರೆ ದಿನಾ ಹೊಸ ಗಾಳಿ. ದೊಡ್ಡ ಡ್ರಮ್ಮು ಅರ್ಧ ಖಾಲಿಯಾದ ಮೇಲಂತೂ ಅದರಲ್ಲಿ ಗಾಳಿಯೇ ಹೆಚ್ಚು. ಅದಕ್ಕೇ 60 ಲೀಟರಿನ ಡ್ರಮ್ಮು ತಗೊಳ್ಳಿ, ಒಂದರಲ್ಲಿ ಸುಮಾರು 45 ಕಿಲೋ ಹಿಡಿಯುತ್ತದೆ. ಕಂಠಮಟ್ಟ ತುಂಬಿ, ಮುಚ್ಚಳದ ಸಂದಿಗೆ ಟೇಪು ಸುತ್ತಿ, ಒಂದು ತೀರಿದ ಮೇಲೆ ಇನ್ನೊಂದು ತೆರೆಯಿರಿ. ಔಷಧ, ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ಮು ಎಷ್ಟು ತೊಳೆದರೂ ಬೇಡ. ಡ್ರಮ್ಮು ದುಬಾರಿ ಎನಿಸಿದರೆ 80 ಮೈಕ್ರಾನಿನ ಎರಡು ದಪ್ಪ ಪ್ಲಾಸ್ಟಿಕ್ ಚೀಲ ಒಂದರೊಳಗೊಂದು ಇಟ್ಟು, ಹೊರಗೆ ನೇಯ್ದ ಚೀಲ ಹಾಕಿ. ಒಂದೊಂದರ ಬಾಯಿಯನ್ನೂ ಬೇರೆಬೇರೆ ತಿರುಚಿ, ಮಡಚಿ, ಸುತಳಿಯಿಂದ ಬಿಗಿಯಬೇಕು. ಸೂಜಿಯಷ್ಟು ತೂತಾದರೂ ಕೆಲಸ ಕೆಟ್ಟಂತೆ. ಇಲಿ ಇರುವ ಮನೆಗೆ ಡ್ರಮ್ಮೇ ಸರಿ. ಹಸಿ ಜೋಳವನ್ನು ಹೀಗೆ ಮುಚ್ಚಿದರೆ ಹುಳ ಸತ್ತೀತು, ಆದರೆ ಜೋಳ ಮುಗ್ಗಲು ಹಿಡಿಯುತ್ತದೆ.

ಬೇವಿನ ತಪ್ಪಲ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ನೆರಳಲ್ಲಿ ಗರಿಗರಿಯಾಗಿ ಒಣಗಿಸಿದ್ದಾದರೆ ಹಾಕಿ, ಹೊರಗಿನ ಹುಳ ಹತ್ತಿರ ಬರುವುದು ಕಡಿಮೆಯಾಗುತ್ತದೆ. ಕಾಳಿನೊಳಗಿನ ಮರಿಯನ್ನು ಅದು ಕೊಲ್ಲುವುದಿಲ್ಲ. ಹಸಿ ತಪ್ಪಲ ಹಾಕಿದರೆ ನೀವೇ ತೇವ ಒಯ್ದು ಒಳಗಿಟ್ಟಂತೆ.

ಕೈಮುಗಿದು ಹೇಳುವ ಮಾತು ಒಂದಿದೆ. ಕಾಳಿನ ಗುಳಿಗೆ ಎಂದು ಮಾರುವ ಅಲ್ಯುಮಿನಿಯಂ ಫಾಸ್ಫೈಡ್ ಮನೆಯೊಳಗೆ ತರಲೇಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಗಾಳಿ ಏಳುತ್ತದೆ. ಮಲಗುವ ಕೋಣೆಯಲ್ಲೇ ಚೀಲ ಇಡುವ ಸಣ್ಣ ಮನೆಯಲ್ಲಿ ಇದು ಮಕ್ಕಳ ಜೀವ ತೆಗೆಯುವ ವಸ್ತು, ಇದಕ್ಕೆ ಮದ್ದಿಲ್ಲ. ಪಾರದ ಗುಳಿಗೆಯೂ ಬೇಡ, ಅದೂ ವಿಷವೇ.

ಡ್ರಮ್ಮನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ನೆಲದ ಮೇಲೇ ಇಟ್ಟರೆ ಗದಗಿನ ಒಣ ಹವೆಯಲ್ಲಿ ನಡೆದೀತು, ಮಲೆನಾಡಿನ ಅಂಚಿನ ಧಾರವಾಡದ ಮಳೆಗಾಲದಲ್ಲಿ ಗೋಡೆಯ ತೇವ ಬಿಡುವುದಿಲ್ಲ.

ಜೋಳ ವರ್ಷ ಬಾಳುತ್ತದೆ, ಹಿಟ್ಟು ಬಾಳುವುದಿಲ್ಲ. ಕಾಳಿನ ಮೊಳಕೆಯಲ್ಲಿರುವ ಎಣ್ಣೆಯಂಶ ಬೀಸಿದ ಮೇಲೆ ಗಾಳಿಗೆ ಬಿದ್ದು ಕಮಟು ಹಿಡಿಯುತ್ತದೆ, ಜಿಗಿಯೂ ಹೋಗುತ್ತದೆ. ಹದಿನೈದು ದಿನಕ್ಕೆ ಆಗುವ 9 ಕಿಲೋ ಮಾತ್ರ ಗಿರಣಿಗೆ ಒಯ್ಯಿರಿ. ತಂದ ಬಿಸಿ ಹಿಟ್ಟನ್ನು ಹರವಿ ಆರಿಸಿಯೇ ಡಬ್ಬಿ ಮುಚ್ಚಿ. ವರ್ಷದ ಕೊನೆಯಲ್ಲಿ ಹಳೆಯ ಜೋಳದ ರೊಟ್ಟಿ ಬಿರಿಯತೊಡಗಿದರೆ ಕುದಿಯುವ ಎಸರು ಹಾಕಿ ಕಲಸಿ, ಇನ್ನಷ್ಟು ಹೊತ್ತು ನಾದಿ.

ಇಷ್ಟಾದರೂ ಒಂದು ಡ್ರಮ್ಮಿನಲ್ಲಿ ಅಲ್ಲಲ್ಲಿ ಹುಳ ಕಂಡರೆ ಸಾಣಿಗಿ ಹಿಡಿದು, ಬಿಸಿಲಿಗೆ ಹಾಕಿ, ಅದನ್ನೇ ಮೊದಲು ಬಳಸಿ. ಹಿಟ್ಟಾಗಿ ಉದುರುವಷ್ಟು ತಿಂದಿದ್ದರೆ ಕೋಳಿಗೆ ಹಾಕಿ. ಬೂಷ್ಟು ಹಿಡಿದದ್ದನ್ನು ಮಾತ್ರ ದನಕ್ಕೂ ಕೋಳಿಗೂ ಹಾಕಬೇಡಿ, ಚೆಲ್ಲಿಬಿಡಿ. ಬರುವ ಫೆಬ್ರುವರಿಗೆ ಡ್ರಮ್ಮು ಖಾಲಿಯಾದಾಗ ತಳದ ಹುಡಿ ಬಳಿದು ತೆಗೆದು, ಬಿಸಿನೀರಿನಿಂದ ತೊಳೆದು, ಮೂರು ದಿನ ಬಿಸಿಲಿಗೆ ಬೋರಲು ಹಾಕಿ. ತಳದಲ್ಲಿ ಎರಡು ಸೇರು ಹಳೆಯ ಜೋಳ ಉಳಿದಿದ್ದರೆ ಅದರ ಮೇಲೆ ಹೊಸದನ್ನು ಸುರಿಯದೆ ಬೇರೆ ಡಬ್ಬಿಗೆ ತೆಗೆದಿಡಿ.