ಬೆಂಕಿಯಲ್ಲಿ ಹುಟ್ಟುವ ನೀಲಿ

ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್. ಅಲ್ಲಿ ಕಾಂಪೊ ಗ್ರಾಂಡೆ ಅಂತ ಒಂದು ಮೆಟ್ರೊ ನಿಲ್ದಾಣವಿದೆ, 1993ರಲ್ಲಿ ಶುರುವಾದದ್ದು. ಅದರ ಗೋಡೆಗಳ ಮೇಲೆ ನೀಲಿ-ಬಿಳಿ ಟೈಲ್ಸಿನಲ್ಲಿ ಹಳೇ ಕಾಲದ ಉಡುಪು ತೊಟ್ಟ ಆಳೆತ್ತರದ ಜನ ನಿಂತಿದ್ದಾರೆ. ಹತ್ತಿರ ಹೋಗಿ ನೋಡಿದರೆ ಹಲವರ ಮೈ ಕಲಸಿಹೋಗಿದೆ. ಒಂದು ಚೌಕ ಇಲ್ಲಿರಬೇಕಾದ್ದು ಅಲ್ಲಿದೆ, ಅಲ್ಲಿಯದು ಇನ್ನೆಲ್ಲೋ. ಮೇಸ್ತ್ರಿ ಎಡವಟ್ಟು ಮಾಡಿದನಾ ಅಂತ ಅನುಮಾನ ಬರುತ್ತದೆ. ಕಲಾವಿದ ಎಡ್ವಾರ್ಡೊ ನೆರಿ ಇದನ್ನು ಬೇಕಂತಲೇ ಮಾಡಿದರು. 18ನೇ ಶತಮಾನದಲ್ಲಿ ಅಲ್ಲಿನ ಸಿರಿವಂತರು ಬಾಗಿಲ ಬಳಿ, ಮೆಟ್ಟಿಲ ಪಕ್ಕ ಅತಿಥಿಗಳನ್ನು ಬರಮಾಡಿಕೊಳ್ಳುವ ಸೇವಕರ ಚಿತ್ರ ಬರೆಸುತ್ತಿದ್ದರು. ನೆರಿ ಆ ಸೇವಕರನ್ನೇ ಕರೆತಂದು, ಚೌಕಗಳನ್ನು ಅದಲು ಬದಲು ಮಾಡಿ, ದಿನಾ ಕೆಲಸಕ್ಕೆ ಓಡುವವರ ಎದುರು ನಿಲ್ಲಿಸಿದರು.

ಕ್ಯಾನ್ವಾಸಿನ ಚಿತ್ರವನ್ನು ಹೀಗೆ ಕತ್ತರಿಸಿದರೆ ಅದು ಹಾಳಾದಂತೆಯೇ. ಟೈಲ್ಸಿನ ಚಿತ್ರವೋ, ಹುಟ್ಟುವಾಗಲೇ ಚೂರು ಚೂರು. ಪೋರ್ಚುಗಲ್ಲಿನ ಹಳೇ ಟೈಲು ಸುಮಾರು 14 ಸೆಂಟಿಮೀಟರಿನ ಚೌಕ. ಅದನ್ನು ನಾಲ್ಕು ಥರ ತಿರುಗಿಸಿ ಕೂರಿಸಬಹುದು. ಮೂಲೆಯಿಂದ ಮೂಲೆಗೆ ಗೆರೆ ಎಳೆದು ಅರ್ಧಕ್ಕೆ ಮಾತ್ರ ಬಣ್ಣ ಬಳಿದ ಟೈಲು ನಾಲ್ಕೇ ಇದ್ದರೂ 256 ರೀತಿ ಜೋಡಿಸಬಹುದು. ಹದಿನಾರು ಇದ್ದರೆ? 429 ಕೋಟಿಗೂ ಜಾಸ್ತಿ. ಫ್ರಾನ್ಸಿನ ಸೆಬಾಸ್ಟಿಯನ್ ಟ್ರುಶೆ 1704ರಲ್ಲೇ ಈ ಲೆಕ್ಕದ ಹಿಂದೆ ಬಿದ್ದಿದ್ದರು.

1959ರಲ್ಲಿ ಲಿಸ್ಬನ್ ಮೆಟ್ರೊ ಓಡತೊಡಗಿದಾಗ ಮರಿಯಾ ಕೈಲ್ ಎಂಬ ಕಲಾವಿದೆ ನೆಚ್ಚಿಕೊಂಡದ್ದೂ ಇದೇ ಗುಣವನ್ನು. ದುಡ್ಡು ಕಮ್ಮಿ, ನೆಲದಡಿಯ ಗೋಡೆಗಳು ಬೋಳು. ಟೈಲ್ಸ್ ಅಂದರೆ ಹಳೇ ಫ್ಯಾಷನ್ ಅಂತ ಮೂಗು ಮುರಿಯುತ್ತಿದ್ದ ಕಾಲ ಬೇರೆ. ಮೊದಲ 11 ನಿಲ್ದಾಣಗಳಲ್ಲಿ ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ಅವರೇ ವಿನ್ಯಾಸ ಮಾಡಿದರು. ನನ್ನನ್ನು ಕೇಳಿದರೆ, ಇವತ್ತಿನ ಟೈಲ್ಸ್ ಕಲೆಗೆ ಜೀವ ಬಂದದ್ದು ಆ ಗೋಡೆಗಳಿಂದ.

ಇನ್ನು ಬಣ್ಣದ ಸಂಗತಿ. ಟೈಲಿನ ಮೇಲಿನ ಹೊಳಪು ಬೇರೇನಲ್ಲ, ತೆಳುವಾದ ಗಾಜು. ಇದಕ್ಕೇ ಗ್ಲೇಜ್ ಅನ್ನುವುದು. ಒಮ್ಮೆ ಸುಟ್ಟ ಜೇಡಿಮಣ್ಣಿನ ಬಿಲ್ಲೆಯನ್ನು ಗಾಜಿನ ಪುಡಿ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಆ ಪುಡಿಯಲ್ಲಿ ಸ್ವಲ್ಪ ತವರದ ಆಕ್ಸೈಡ್ ಇರುತ್ತದೆ. ಗೂಡಿನಲ್ಲಿ ಸಾವಿರ ಡಿಗ್ರಿಯ ಹತ್ತಿರ ಕಾಯಿಸಿದಾಗ ಗಾಜು ಕರಗುತ್ತದೆ, ತವರದ ಆಕ್ಸೈಡ್ ಮಾತ್ರ ಪೂರ್ತಿ ಕರಗದೆ ಸಣ್ಣ ಸಣ್ಣ ಹರಳುಗಳಾಗಿ ಉಳಿಯುತ್ತದೆ. ಗಾಜಿಗಿಂತ ಈ ಹರಳು ಬೆಳಕನ್ನು ಜಾಸ್ತಿ ಬಗ್ಗಿಸುತ್ತದೆ. ಒಳಗೆ ಹೊಕ್ಕ ಬೆಳಕು ಹರಳಿಂದ ಹರಳಿಗೆ ಚದುರಿ ವಾಪಸ್ ಬರುತ್ತದೆ. ಅದಕ್ಕೇ ನಮಗೆ ಅಚ್ಚ ಬಿಳುಪು ಕಾಣುವುದು. ಕೆಳಗಿನ ಕೆಂಚು ಮಣ್ಣು ಕಣ್ಣಿಗೆ ಬೀಳುವುದೇ ಇಲ್ಲ.

ಇದೇ ತವರ ಕರಗಿದ ಗಾಜನ್ನು ಸ್ವಲ್ಪ ಗಟ್ಟಿಯಾಗಿಯೂ ಇಡುತ್ತದೆ, ಹಾಗಾಗಿ ಬರೆದ ಗೆರೆ ಹರಡುವುದಿಲ್ಲ. ಹೀಗೆ ಕುಂಚದಲ್ಲಿ ಬರೆಯುವುದಕ್ಕೂ ಮುಂಚಿನ, ಸ್ಪೇನಿನ ಸೆವಿಲ್ ಊರಿನ ಟೈಲ್ಸಿನಲ್ಲಿ ಬಣ್ಣಗಳು ಬೆರೆಯದಿರಲಿ ಅಂತ ನಡುವೆ ಮಣ್ಣಿನ ಏರು ಕಟ್ಟುತ್ತಿದ್ದರು, ಇಲ್ಲವೇ ಜಿಡ್ಡಿನ ಗೆರೆ ಎಳೆಯುತ್ತಿದ್ದರು. ಆ ತಾಪತ್ರಯ ತಪ್ಪಿದ ಮೇಲೆ ಬಟ್ಟೆಯ ಮಡಿಕೆಯನ್ನೂ ಮುಖದ ನೆರಳನ್ನೂ ಕುಂಚದಲ್ಲೇ ಬರೆಯಲು ಸಾಧ್ಯವಾಯಿತು.

ಬರೆಯುವ ಕೆಲಸವೇನು ಸುಲಭವಲ್ಲ. ಸುಡದ ಗ್ಲೇಜ್ ಅಂದರೆ ಒಣ ಪುಡಿಯ ಪದರ. ಕುಂಚ ತಾಗಿದ್ದೇ ತಡ, ನೀರು ಹೀರಿಕೊಂಡುಬಿಡುತ್ತದೆ. ಅಳಿಸಿ ತಿದ್ದುವ ಮಾತೇ ಇಲ್ಲ. ಅದಕ್ಕಾಗಿ ಮೊದಲು ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಮೇಲೆ ಇದ್ದಿಲ ಪುಡಿಯ ಗಂಟು ತಟ್ಟುತ್ತಾರೆ. ನಮ್ಮ ತೂತಿನ ರಂಗೋಲಿ ಅಚ್ಚಿನ ಹಾಗೇ. ಆ ಕಪ್ಪು ಚುಕ್ಕಿಗಳು ಗೂಡಿನಲ್ಲಿ ಸುಟ್ಟು ಗುರುತೇ ಇಲ್ಲದಂತೆ ಹೋಗುತ್ತವೆ. ತಮಾಷೆ ಏನೆಂದರೆ, ನೀಲಿ ಬರಿಸುವ ಕೋಬಾಲ್ಟ್ ಆಕ್ಸೈಡ್ ಸುಡುವ ಮುಂಚೆ ಕಪ್ಪು! ಗಾಜಿನೊಳಗೆ ಕರಗಿ, ಒಂದೊಂದು ಕೋಬಾಲ್ಟ್ ಅಯಾನಿನ (ವಿದ್ಯುದಾವೇಶ ಹೊತ್ತ ಪರಮಾಣುವಿನ) ಸುತ್ತ ನಾಲ್ಕು ಆಕ್ಸಿಜನ್ ಕೂತಾಗ ಅದು ಬೆಳಕಿನ ಹಳದಿ, ಕಿತ್ತಳೆ, ಕೆಂಪು ಭಾಗವನ್ನು ನುಂಗುತ್ತದೆ, ನೀಲಿಯನ್ನು ಬಿಟ್ಟುಕೊಡುತ್ತದೆ. ಬಣ್ಣ ಹೇಗೆ ಬಂದೀತು ಅನ್ನುವುದನ್ನು ಕಲಾವಿದ ಅಂದಾಜಿನಲ್ಲೇ ಬರೆಯಬೇಕು. ಪೋರ್ಟೊ ಊರಿನ ಸಾವ್ ಬೆಂಟೊ ರೈಲು ನಿಲ್ದಾಣಕ್ಕೆ ಜಾರ್ಜ್ ಕೊಲಾಸೊ ಬರೆದದ್ದು ಸುಮಾರು 20,000 ಟೈಲ್ಸ್. ಅವರ ಕೈಚಳಕ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಗೋವಾದ ಪಣಜಿಯಲ್ಲಿ ಮೆನೆಜಿಸ್ ಬ್ರಗಾಂಜಾ ಸಂಸ್ಥೆಯ ಮೊಗಸಾಲೆಯಲ್ಲೂ ಇದೆ. ಬೀಚಿಗೆ ಹೋಗುವ ನಮ್ಮವರಲ್ಲಿ ಎಷ್ಟು ಜನ ಅಲ್ಲಿಗೆ ಕಾಲಿಡುತ್ತಾರೋ!

ಗಾಜು ಮತ್ತು ಮಣ್ಣು ಆರುವಾಗ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಗಾಜು ಜಾಸ್ತಿ ಕುಗ್ಗಿದರೆ ಮೇಲ್ಮೈ ಬಿಗಿದು ಕೂದಲೆಳೆ ಬಿರುಕು ಬಿಡುತ್ತದೆ. ಕೆಲವೊಮ್ಮೆ ಮಣ್ಣು ವರ್ಷಗಟ್ಟಲೆ ತೇವ ಹೀರಿ ಉಬ್ಬಿ, ಬಿರುಕು ತಡವಾಗಿ ಬರುವುದೂ ಉಂಟು. ಕುಂಬಾರರಿಗೆ ಇದು ದೋಷ. ಬ್ರೆಜಿಲ್ಲಿನ ಆಡ್ರಿಯಾನಾ ವರೆಜಾವ್ ಇದನ್ನೇ ಕಲೆಯಾಗಿಸಿದರು. ಕ್ಯಾನ್ವಾಸಿನ ಮೇಲೆ ದಪ್ಪಗೆ ಪ್ಲಾಸ್ಟರ್ ಮೆತ್ತಿ, ಅದು ತಾನೇ ಒಣಗಿ ಒಡೆಯಲು ಬಿಟ್ಟು, ಟೈಲಿನ ಹಾಗೆ ನೀಲಿ ಬರೆಯುತ್ತಾರೆ. ಸರಿಯಾಗಿ ನೋಡಿದರೆ ಅದು ಟೈಲ್ಸೇ ಅಲ್ಲ. ಆದರೂ ಪೋರ್ಚುಗೀಸರ ಆಳ್ವಿಕೆ ಬ್ರೆಜಿಲ್ಲಿನಲ್ಲಿ ಉಳಿಸಿದ ಗಾಯವನ್ನು ಆ ಬಿರುಕುಗಳಷ್ಟು ಚೆನ್ನಾಗಿ ಇನ್ಯಾವುದೂ ತೋರಿಸಲಾರದು ಅನ್ನಿಸುತ್ತದೆ. ಪೋರ್ಚುಗಲ್ಲಿನ ಕಲಾವಿದ ಡಿಯೊಗೊ ಮಚಾದೊ, ‘ಆ್ಯಡ್ ಫ್ಯುಯೆಲ್’ ಅಂತ ಹೆಸರಿಟ್ಟುಕೊಂಡವರು, ಜಾಣ ತುಂಟ. ದೂರದಿಂದ ಅವರ ಗೋಡೆ ಅಜ್ಜಿ ಕಾಲದ ಟೈಲ್ಸ್. ಹತ್ತಿರ ಹೋದರೆ ಬಳ್ಳಿಗಳ ನಡುವೆ ಕಾರ್ಟೂನಿನ ಭೂತಗಳು ಹಲ್ಲು ಕಿರಿಯುತ್ತವೆ.

ಹಳೆಯವು ಉಳಿದರೆ ತಾನೇ ಹೊಸಬರಿಗೆ ಆಡಲು ಸರಕು? ಗೋಡೆಯ ತೇವ ಉಪ್ಪನ್ನು ಹೊತ್ತು ತರುತ್ತದೆ. ನೀರು ಆರಿದಾಗ ಗ್ಲೇಜಿನ ಹಿಂದೆ ಉಪ್ಪು ಹರಳುಗಟ್ಟಿ ಅದನ್ನು ಎಬ್ಬಿಸುತ್ತದೆ. ಸಿಮೆಂಟ್ ಬಳಸಿ ರಿಪೇರಿ ಮಾಡಿದರೆ ಕಷ್ಟ ಇನ್ನೂ ಹೆಚ್ಚು. ಅದು ಗಡುಸು, ಅದರಲ್ಲೂ ಉಪ್ಪಿದೆ, ಮುಂದೆ ಟೈಲು ಮುರಿಯದೆ ಕೀಳಲೂ ಬರುವುದಿಲ್ಲ. ಹಾಗಾಗಿ ಬಲ್ಲವರು ಸುಣ್ಣದ ಗಾರೆಯನ್ನೇ ಹಾಕುತ್ತಾರೆ. ಉಪ್ಪಿನ ಜೊತೆ ಕಳ್ಳರ ಕಾಟವೂ ಇದೆ: ಕಿತ್ತ ಟೈಲ್ಸಿಗೆ ಒಳ್ಳೇ ಬೆಲೆ. 2007ರಲ್ಲಿ ಪೊಲೀಸ್ ಇಲಾಖೆಯ ಮ್ಯೂಸಿಯಮ್ಮೇ ಮುಂದೆ ನಿಂತು ‘ಎಸ್‌ಒಎಸ್ ಅಜುಲೇಜು’ ಎಂಬ ಯೋಜನೆ ಶುರು ಮಾಡಿತು; ಅಜುಲೇಜು ಅಂದರೆ ಪೋರ್ಚುಗೀಸಿನಲ್ಲಿ ಈ ಟೈಲು. ಟೈಲ್ಸ್ ಇರುವ ಹೊರಗೋಡೆ ಕೆಡವುವುದಕ್ಕೆ ಲಿಸ್ಬನ್ ನಗರಸಭೆ 2013ರಲ್ಲಿ ಅಡ್ಡಿ ಹಾಕಿತು, 2017ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು.